ಕಾವಲಿನ ಲೆಕ್ಕ

ನಮ್ಮ ರಾಮಾಪುರದ ಸುತ್ತಮುತ್ತ ರಾಗಿ ತೆನೆ ಕಟ್ಟುವ ಕಾಲ ಬಂತೆಂದರೆ ಗಂಡಸರು ಹೆಂಗಸರೆನ್ನದೆ ಹೊಲದ ಅಟ್ಟಣೆ ಹತ್ತುತ್ತಾರೆ. ಒಂದು ಕಡೆ ಮಹದೇಶ್ವರ ಬೆಟ್ಟದ ಕಾಡು, ಇನ್ನೊಂದು ಕಡೆ ಕಾವೇರಿಯ ಕಾಡು, ನಡುವೆ ನಮ್ಮ ಹೊಲಗಳು. ಆನೆಗಾಗಲಿ ಕಾಡುಹಂದಿಗಾಗಲಿ ನಮ್ಮ ಬೇಲಿಗಳ ಮೇಲೆ ಅಂಥ ಗೌರವವೇನೂ ಇಲ್ಲ. ನಮ್ಮ ಮನೆಗೆ ಹಾಲು ಹಾಕುವ ಹೆಂಗಸು ಒಂದು ದಿನ ಪಕ್ಕದ ಹೊಲದವನ ಬಗ್ಗೆ ಹೀಗೆ ಹೇಳಿದಳು: "ಅವ್ನೇನ್ ಮೇಡಂ, ರಾತ್ರಿಯೆಲ್ಲ ಪಟಾಕಿ ಹೊಡೀತಾನೆ. ಬೆಳಿಗ್ಗೆ ನೋಡುದ್ರೆ ಅರ್ಧ ಹೊಲ ಇರಾಕಿಲ್ಲ. ನಮ್ಮತ್ತೆ ಸುಮ್ನೆ ಕೆಮ್ಕೊಂಡು ಕೂತಿರ್ತಾಳೆ ಅಷ್ಟೇಯ. ಹಂದಿ ಇತ್ತಾಗೆ ತಲೆ ಹಾಕಾಕಿಲ್ಲ."

ಸರಿ, ಊರಿನಲ್ಲಿ ದೊಡ್ಡ ಕಾವಲುಗಾರ ಎಂದು ಹೆಸರಾದವರು ಯಾರು? ಪಟಾಕಿಯವನೇ. ಶಬ್ದ ಊರಿಗೆಲ್ಲ ಕೇಳುತ್ತದಲ್ಲ! ಆ ಮುದುಕಿಯ ಕೆಮ್ಮು ಹಂದಿಗೆ ಮಾತ್ರ ಕೇಳುತ್ತದೆ.

ಈ ಮಾತು ಇಲ್ಲಿಗೇಕೆ ಬಂತೆಂದರೆ, ನಾನು ಮೂವತ್ತು ವರ್ಷಕ್ಕೂ ಮೀರಿ ಮಕ್ಕಳಿಗೆ ಆಟ ಕಲಿಸಿದವಳು. ಜನ 'ಡ್ರಿಲ್ ಟೀಚರ್' ಎಂದು ಕರೆಯುವ ಜಾತಿಗೆ ಸೇರಿದವಳು. ಆಟದ ಅಂಗಳದಲ್ಲೂ ನಾವು ಪಟಾಕಿ ಹೊಡೆಯುವವರಿಗೇ ಬಹುಮಾನ ಕೊಡುತ್ತ ಬಂದಿದ್ದೇವೆ. ಅದರಲ್ಲಿ ನಾನೂ ಪಾಲುದಾರಳು. ಈಚೆಗೆ ನಿವೃತ್ತಳಾದೆ, ಇನ್ನು ಯಾರ ಮುಲಾಜೂ ಇಲ್ಲ. ಇದ್ದದ್ದನ್ನು ಹೇಳಿಬಿಡುತ್ತೇನೆ.

ಮೂರು ವರ್ಷದ ಹಿಂದಿನ ಮಾತು. ನಮ್ಮ ಶಾಲೆಯ ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡವನ್ನು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೆ. ರಾಮಾಪುರದಲ್ಲಿ ಬ್ಯಾಸ್ಕೆಟ್‌ಬಾಲೇ ಎಂದು ಹುಬ್ಬೇರಿಸಬೇಡಿ. ಎರಡು ಕಂಬ, ಎರಡು ಬಳೆ, ಒಂದಿಷ್ಟು ಸಮತಟ್ಟು ನೆಲ ಇದ್ದರೆ ಎಲ್ಲಿ ಬೇಕಾದರೂ ಆಡಬಹುದು. ಬಳೆಯ ಎತ್ತರ ರಾಮಾಪುರದಲ್ಲೂ 3.05 ಮೀಟರೇ, ಅಮೆರಿಕದಲ್ಲೂ ಅಷ್ಟೇ. ನಮ್ಮ ತಂಡದ ಪಾಯಿಂಟ್ ಗಾರ್ಡ್ ಒಬ್ಬ ಸಣಕಲು ಹುಡುಗಿ. ಮಾತು ಕಡಿಮೆ. ಜೋಳದ ಹೊಲದಲ್ಲಿ ಕೆಲಸ ಮಾಡಿ ಕಾಲು ಗಟ್ಟಿಯಾಗಿತ್ತು. ಎದುರಾಳಿ ತಂಡದ ಗಾರ್ಡ್ ಹಿಂದಿನ ಎರಡು ಪಂದ್ಯಗಳಲ್ಲಿ ಬುಟ್ಟಿ ತುಂಬ ಅಂಕ ಬಾಚಿದ್ದಳು. ನಮ್ಮವಳ ಎದುರು ಬಂದಾಗ ನಾಲ್ಕೇ ಅಂಕ. ಎರಡು ಸಲ ಚೆಂಡನ್ನು ಅರ್ಧ ಅಂಗಳ ದಾಟಿಸಲಾಗದೆ ಕಳೆದುಕೊಂಡಳು. ಮೂರನೆಯ ಕ್ವಾರ್ಟರ್ ಹೊತ್ತಿಗೆ ಆ ಹುಡುಗಿ ಚೆಂಡು ತನ್ನ ಕೈಗೆ ಬಾರದಿರಲಿ ಎಂದು ಮುಖ ತಿರುಗಿಸಿ ಓಡುತ್ತಿದ್ದಳು. ನಾನು ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ಸಂಜೆ ಆಯ್ಕೆಯ ಪಟ್ಟಿ ಓದಿದರು. ನಮ್ಮ ಹುಡುಗಿಯ ಹೆಸರಿರಲಿಲ್ಲ. ಬೇರೊಂದು ತಂಡದ ಗಾರ್ಡ್ ಆಯ್ಕೆಯಾಗಿದ್ದಳು. ಪ್ರತಿ ಎರಡು ನಿಮಿಷಕ್ಕೊಮ್ಮೆ ಚೆಂಡಿಗೆ ಹಾರಿ, ಒಮ್ಮೊಮ್ಮೆ ಕಸಿದು, ಕೇಕೆ ಹಾಕಿಸಿಕೊಂಡವಳು. ನಾನು ಹೋಗಿ ಕೇಳಿದೆ. ಆಯ್ಕೆ ಮಾಡಿದವರಲ್ಲೊಬ್ಬರು ಬಹಳ ಸೌಜನ್ಯದಿಂದಲೇ ಹೇಳಿದರು: "ನಿಮ್ಮ ಹುಡುಗಿ ಪಾಪ ಚೆನ್ನಾಗಿ ಓಡಾಡ್ತಾಳೆ ಮೇಡಂ. ಆದ್ರೆ ಒಂದು ಚೆಂಡಾದ್ರೂ ಕಸೀಲಿಲ್ಲವಲ್ಲ! ಡಿಫೆನ್ಸ್ ಅಂತ ಏನು ಮಾಡಿದ್ಲು?"

ಏನು ಮಾಡಿದಳು! ಈ ಪ್ರಶ್ನೆಗೆ ಉತ್ತರವಾಗಿ ನಾನು ಆವತ್ತು ತೊದಲಿದೆ. ನೋಟ್‌ಬುಕ್ ತೆರೆದು ತೋರಿಸುವ ಹೊತ್ತಿಗೆ ಅವರು ಚಹಾಕ್ಕೆ ಎದ್ದಿದ್ದರು. ಆವತ್ತು ಹೇಳಲಾಗದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಹೆಚ್ಚಿನವರು ಈ ಆಟ ಆಡಿರಲಿಕ್ಕಿಲ್ಲ. ಮಗಳದೋ ಸೊಸೆಯದೋ ಶಾಲೆಯ ಮೈದಾನದಲ್ಲಿ ನೋಡಿರಬಹುದು. ಒಂದು ತಂಡಕ್ಕೆ ಐವರು. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳ. ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಪುಟಿಸಿಕೊಂಡು ಬಂದು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವಳೇ ಪಾಯಿಂಟ್ ಗಾರ್ಡ್. ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಗಿಡ್ಡ. 'ಗಾರ್ಡ್' ಎಂದರೆ ಕಾವಲುಗಾರ್ತಿ ಎಂದೇ ಅರ್ಥವಲ್ಲವೇ? ಆದರೆ ಆಕೆಯನ್ನು ಹೊಗಳುವಾಗ ಯಾರೂ ಕಾವಲಿನ ಮಾತೆತ್ತುವುದಿಲ್ಲ. ಎಷ್ಟು ಪಾಯಿಂಟ್ ಹೊಡೆದಳು, ಎಷ್ಟು ಚಂದದ ಪಾಸ್ ಕೊಟ್ಟಳು, ಅಷ್ಟೇ.

ಆಕೆ ಕಾಯಬೇಕಾದ್ದು ಎದುರು ತಂಡದ ಪಾಯಿಂಟ್ ಗಾರ್ಡನ್ನು, ಅಂದರೆ ಆ ತಂಡದ ತಲೆಯನ್ನು. ಚೆಂಡು ಸಿಕ್ಕ ತಂಡಕ್ಕೆ ಎಸೆಯಲು 24 ಸೆಕೆಂಡು ಮಾತ್ರ ಕಾಲಾವಕಾಶ. ಅದರಲ್ಲಿ ಮೊದಲ 8 ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಬೇಕು. ಒಳ್ಳೆಯ ಕಾವಲುಗಾರ್ತಿ ಚೆಂಡಿಗೆ ಕೈ ಹಾಕುವುದಿಲ್ಲ, ದಾರಿಗೆ ಅಡ್ಡ ನಿಲ್ಲುತ್ತಾಳೆ. ನೇರ ಬರುವವಳನ್ನು ಅಂಚಿನ ಗೆರೆಯ ಕಡೆಗೆ ತಳ್ಳುತ್ತಾಳೆ. ಆ ಗೆರೆಯೇ ಆಕೆಗೆ ಆರನೆಯ ಆಟಗಾರ್ತಿ. ಬಲಗೈಯವಳನ್ನು ಎಡಗೈಗೆ ತಿರುಗಿಸುತ್ತಾಳೆ. ಮೂರು ಸೆಕೆಂಡಿನಲ್ಲಿ ದಾಟುವವಳಿಗೆ ಏಳು ಸೆಕೆಂಡು ಹಿಡಿಸುತ್ತಾಳೆ. ಹಾಗೆ ಕಳೆದುಹೋದ ನಾಲ್ಕು ಸೆಕೆಂಡು ಕೊನೆಯಲ್ಲಿ ಎಸೆಯುವವಳ ಮೇಲೆ ಬಂದು ಕೂರುತ್ತದೆ. ಆಕೆ ಅವಸರದಲ್ಲಿ ವಕ್ರವಾಗಿ ಎಸೆಯುತ್ತಾಳೆ. ಚೆಂಡು ಬಳೆಗೆ ಬಡಿದು ಆಚೆ ಹೋಗುತ್ತದೆ. ನೋಡುವವರು "ಅಯ್ಯೋ, ತಪ್ಪಿತು" ಎನ್ನುತ್ತಾರೆ. ಯಾರು ತಪ್ಪಿಸಿದರೆಂದು ಯಾರೂ ಕೇಳುವುದಿಲ್ಲ.

ಇಷ್ಟೇ ಅಲ್ಲ. ಎದುರು ತಂಡದ ದಪ್ಪ ಹುಡುಗಿಯೊಬ್ಬಳು ಗೋಡೆಯಂತೆ ಬಂದು ನಿಂತು ಕಾವಲುಗಾರ್ತಿಯ ದಾರಿ ಕಟ್ಟುತ್ತಾಳೆ. ಇದಕ್ಕೆ 'ಸ್ಕ್ರೀನ್' ಎನ್ನುತ್ತಾರೆ. ಆ ಗೋಡೆಯ ಮೇಲಂಚಿನಿಂದ ನುಸುಳಿ ತನ್ನವಳ ಜೊತೆಗೇ ಇರಬೇಕೋ, ಹಿಂದಿನಿಂದ ಸುತ್ತಿ ಬರಬೇಕೋ ಎಂದು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಬೇಕು. ದೂರದಿಂದ ಗುರಿ ಇಡಬಲ್ಲವಳ ಎದುರು ಹಿಂದಿನಿಂದ ಸುತ್ತಿದರೆ ಮೂರು ಪಾಯಿಂಟು ಹೋಯಿತು. ಗುರಿಯಿಲ್ಲದವಳ ಎದುರು ಮೇಲಿನಿಂದ ನುಸುಳಿದರೆ ಆಕೆ ಒಳಗೆ ನುಗ್ಗಿದಳು. ಇದು ಮೈಯ ಕೆಲಸವಲ್ಲ, ನೆನಪಿನ ಕೆಲಸ.

ಇನ್ನು ಸ್ಕೋರ್‌ಶೀಟಿನ ನ್ಯಾಯ ಕೇಳಿ. ನಮ್ಮ ಶಾಲಾ ಪಂದ್ಯಗಳಲ್ಲಿ ಮೇಜಿನ ಮೇಲಿರುವ ಆ ಹಾಳೆಯಲ್ಲಿ ಬರೆಯುವುದು ಮುಖ್ಯವಾಗಿ ಎರಡು: ಯಾರು ಎಷ್ಟು ಅಂಕ ಹೊಡೆದರು, ಯಾರು ಎಷ್ಟು ಫೌಲ್ ಮಾಡಿದರು. ಅಂಕ ಹೊಡೆಯುವವಳ ಹೆಸರು ಗೆದ್ದಾಗ ಬರುತ್ತದೆ. ಕಾಯುವವಳ ಹೆಸರು ತಪ್ಪಿದಾಗ ಮಾತ್ರ ಬರುತ್ತದೆ! ಐದು ಸಲ ತಪ್ಪಿದರೆ ಹೊರಗೆ. ನಲವತ್ತು ನಿಮಿಷ ತಪ್ಪಿಲ್ಲದೆ ಕಾದವಳ ಸಾಲು ಖಾಲಿ. ಆ ಖಾಲಿ ಸಾಲನ್ನು ನೋಡಿಯೇ ಆಯ್ಕೆಗಾರರು "ಏನು ಮಾಡಿದಳು?" ಎಂದು ಕೇಳುವುದು.

ಹಾಳೆಯಲ್ಲಿ ಇಲ್ಲದ್ದನ್ನು ಕಣ್ಣು ತುಂಬಿಸಬೇಕು. ಆದರೆ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡು ಕಸಿದದ್ದು ಕಾಣುತ್ತದೆ, ಕಸಿಯಲು ಹೋಗಿ ತಪ್ಪಿದ್ದು ಮರೆತುಹೋಗುತ್ತದೆ. ಸುಮ್ಮನೆ ಒಂದು ಲೆಕ್ಕ ಹಾಕಿ. ಒಬ್ಬ ಹುಡುಗಿ ಹತ್ತು ಸಲ ಚೆಂಡಿಗೆ ಹಾರಿ ಮೂರು ಸಲ ಕಸಿದಳೆನ್ನಿ. ಆ ಮೂರೂ ಬುಟ್ಟಿಗೆ ಬಿದ್ದರೆ ಆರು ಅಂಕ, ಚಪ್ಪಾಳೆ, ಕೇಕೆ. ಉಳಿದ ಏಳು ಸಲ? ಆಕೆ ಗಾಳಿಗೆ ಕೈಯಾಡಿಸಿ ನಿಂತಳು, ಎದುರಿನವಳು ದಾಟಿ ಹೋದಳು, ಹಿಂದೆ ಐವರ ಎದುರು ನಾಲ್ವರೇ ಉಳಿದರು. ಅದರಲ್ಲಿ ನಾಲ್ಕು ಸಲ ಅಂಕ ಹೋದರೂ ಎಂಟು. ಆರು ಗಳಿಸಿ ಎಂಟು ಕಳೆದವಳನ್ನು ನಾವು 'ಅದ್ಭುತ ಡಿಫೆಂಡರ್' ಎನ್ನುತ್ತೇವೆ! ಮನೆಯ ಖರ್ಚನ್ನು ಹೀಗೆ ಯಾರಾದರೂ ನಡೆಸಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ಇದು ನಮ್ಮ ಹಳ್ಳಿಗಾಡಿನ ಅಜ್ಞಾನ ಎಂದುಕೊಳ್ಳಬೇಡಿ. ಬ್ಯಾಸ್ಕೆಟ್‌ಬಾಲಿನ ತವರಾದ ಅಮೆರಿಕದಲ್ಲೂ ಈ ಜಗಳ ಹಳೆಯದು. ಅಲ್ಲಿನ ಎನ್‌ಬಿಎ ಲೀಗಿನಲ್ಲಿ ಚೆಂಡು ಕಸಿದದ್ದನ್ನು ಎಣಿಸಲು ಶುರುಮಾಡಿದ್ದೇ 1973ರಲ್ಲಿ. ಅಲ್ಲನ್ ಐವರ್ಸನ್ ಎಂಬ ಗಾರ್ಡ್ 2001, 2002, 2003ರಲ್ಲಿ ಸತತ ಮೂರು ವರ್ಷ ಸರಾಸರಿಯಲ್ಲಿ ಎಲ್ಲರಿಗಿಂತ ಹೆಚ್ಚು ಚೆಂಡು ಕಸಿದ. ಆದರೆ ವರ್ಷದ ಶ್ರೇಷ್ಠ ರಕ್ಷಕರ ತಂಡಕ್ಕೆ ಅವನನ್ನು ಒಮ್ಮೆಯೂ ಆರಿಸಲಿಲ್ಲ. 2016ರಲ್ಲಿ ಸ್ಟೀಫನ್ ಕರ್ರಿಯ ಕಥೆಯೂ ಹಾಗೆಯೇ: ಕಸಿಯುವುದರಲ್ಲಿ ಮೊದಲಿಗ, ರಕ್ಷಕರ ಪಟ್ಟಿಯಲ್ಲಿ ಇಲ್ಲ. ಜಾನ್ ಸ್ಟಾಕ್‌ಟನ್ 2003ರಲ್ಲಿ ನಿವೃತ್ತನಾಗುವ ಹೊತ್ತಿಗೆ 3,265 ಚೆಂಡು ಕಸಿದಿದ್ದ. ಆ ದಾಖಲೆಯನ್ನು ಯಾರೂ ಮುರಿದಿಲ್ಲ. ಅವನೂ ಐದು ಸಲ ಎರಡನೆಯ ರಕ್ಷಕ ತಂಡಕ್ಕೆ ಬಂದನೇ ಹೊರತು ಮೊದಲ ತಂಡಕ್ಕೆ ಒಮ್ಮೆಯೂ ಬರಲಿಲ್ಲ. ಅಂದರೆ ಕಸಿಯುವುದೂ ಕಾಯುವುದೂ ಒಂದೇ ಅಲ್ಲವೆಂದು ಅಲ್ಲಿನ ತಿಳಿದವರಿಗೆ ಗೊತ್ತು. ಹಾಗೆಂದು ಎರಡೂ ಒಬ್ಬರಲ್ಲೇ ಇರಬಾರದೆಂದೇನಿಲ್ಲ. ಗ್ಯಾರಿ ಪೇಟನ್ ಎಂಬ ಪಾಯಿಂಟ್ ಗಾರ್ಡ್ 1996ರಲ್ಲಿ ಕಸಿಯುವುದರಲ್ಲೂ ಮೊದಲಿಗ, ಆ ವರ್ಷದ ಶ್ರೇಷ್ಠ ರಕ್ಷಕನೂ ಅವನೇ. ಹೆಣ್ಣುಮಕ್ಕಳ ಡಬ್ಲ್ಯುಎನ್‌ಬಿಎ ಶುರುವಾದ 1997ರಲ್ಲಿ, ಮತ್ತೆ 1998ರಲ್ಲಿ ಆ ಪ್ರಶಸ್ತಿ ತೆರೇಸಾ ವೆದರ್‌ಸ್ಪೂನ್ ಎಂಬ ಪಾಯಿಂಟ್ ಗಾರ್ಡಿಗೇ ಹೋಯಿತು. ಇವರ ಕೈ ಚುರುಕಾಗಿದ್ದುದು ನಿಜ. ಆದರೆ ಅವರ ಕಾಲು ಜಾಗ ಬಿಡುತ್ತಿರಲಿಲ್ಲ. ಕಾಲು ನಿಂತ ಮೇಲೆ ಕೈ ಆಡಿದರೆ ಅದು ಕಾವಲು. ಕಾಲು ಬಿಟ್ಟು ಕೈ ಆಡಿದರೆ ಅದು ಜೂಜು.

ಈಗ ನನ್ನ ಸರದಿ. ಪರರ ತಪ್ಪು ಎಣಿಸಿದ್ದಾಯಿತು.

ನನ್ನ ಮನೆಯ ಷೋಕೇಸಿನಲ್ಲಿ ಒಂದು ಹಿತ್ತಾಳೆಯ ಕಪ್ಪು ಇದೆ. 1986ರಲ್ಲಿ ಮೈಸೂರಿನ ಒಂದು ಅಂತರ ಕಾಲೇಜು ಪಂದ್ಯಾವಳಿಯಲ್ಲಿ 'ಅತ್ಯುತ್ತಮ ಡಿಫೆಂಡರ್' ಎಂದು ನನಗೆ ಕೊಟ್ಟದ್ದು. ಆಗ ಎಸೆಯಲು 30 ಸೆಕೆಂಡು, ಅರ್ಧ ಅಂಗಳ ದಾಟಲು 10 ಸೆಕೆಂಡು. ನಾನು ಪಾಯಿಂಟ್ ಗಾರ್ಡ್. ಚೆಂಡು ಕಂಡರೆ ಬೆಕ್ಕಿನ ಹಾಗೆ ಹಾರುತ್ತಿದ್ದೆ. ಕಸಿದು ಓಡಿ ಬುಟ್ಟಿಗೆ ಹಾಕಿದಾಗ ಹಾಸ್ಟೆಲಿನ ಹುಡುಗಿಯರೆಲ್ಲ ನನ್ನ ಹೆಸರು ಕೂಗುತ್ತಿದ್ದರು. ಆ ಕೂಗಿನ ರುಚಿ ಹತ್ತಿದವಳು ಮತ್ತೆ ಮತ್ತೆ ಹಾರುತ್ತಾಳೆ, ಹಾರದೆ ಏನು ಮಾಡುತ್ತಾಳೆ? ತಪ್ಪಿದಾಗ ನಾನು ಹಿಂದೆ ತಿರುಗಿ ನೋಡುತ್ತಿರಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಹಿಂದೆ ನಮ್ಮ ಸೆಂಟರ್ ಇದ್ದಳು. ದಾವಣಗೆರೆ ಕಡೆಯವಳು, ಎತ್ತರದ ಹುಡುಗಿ. ನನ್ನನ್ನು ದಾಟಿ ಬಂದವರನ್ನೆಲ್ಲ ಆಕೆ ತಡೆಯುತ್ತಿದ್ದಳು. ತಡೆಯಲು ಹೋಗಿ ಫೌಲ್ ಆಗುತ್ತಿತ್ತು. ಆ ಫೈನಲ್‌ನಲ್ಲಿ ಆಕೆ ಐದು ಫೌಲ್ ಆಗಿ ಹೊರಗೆ ಹೋದಳು. ಆಮೇಲೆ ನಾವು ಸೋತೆವು. "ಅವಳು ಫೌಲ್ ಮಾಡಿ ಕೆಡಿಸಿದಳು" ಎಂದು ಎಲ್ಲರೂ ಅಂದರು. ನಾನೂ ಅಂದೆ. ಕಪ್ಪು ಮಾತ್ರ ನನಗೆ ಬಂತು.

ಆ ಐದರಲ್ಲಿ ಎಷ್ಟು ನನ್ನವು? ಇದನ್ನು ಯೋಚಿಸಲು ನನಗೆ ಹೆಚ್ಚುಕಡಿಮೆ ನಲವತ್ತು ವರ್ಷ ಬೇಕಾಯಿತು. ನಮ್ಮ ಹುಡುಗಿಯ ಹೆಸರು ಪಟ್ಟಿಯಲ್ಲಿ ಇಲ್ಲದೆ ಬಸ್ಸಿನಲ್ಲಿ ಕೌದಳ್ಳಿಯ ರಸ್ತೆಯಲ್ಲಿ ಕುಲುಕುತ್ತ ಬರುವಾಗ ಹೊಳೆಯಿತು. ಇಷ್ಟು ವರ್ಷ ಆಯ್ಕೆಯ ಮೇಜಿನಲ್ಲಿ ನಾನೂ ಎಷ್ಟೋ ಸಲ ಕೂತಿದ್ದೆನಲ್ಲ, ನಾನು ಯಾರನ್ನು ಆರಿಸಿದೆ? ನನ್ನಂಥವರನ್ನೇ! ಹಾರುವವರನ್ನೇ! ಬಿಟ್ಟುಬಂದ ಖಾಲಿ ಸಾಲಿನ ಹುಡುಗಿಯರ ಮುಖ ಒಂದಾದರೂ ನೆನಪಿದೆಯೇ? ಇಲ್ಲ. ನೆನಪಿಲ್ಲದಿರುವುದೇ ನನ್ನ ಮೇಲಿನ ದೊಡ್ಡ ಸಾಕ್ಷಿ.

ನಮ್ಮದೇ ಆಟವೊಂದು ಈ ವಿಷಯದಲ್ಲಿ ಎಷ್ಟು ನ್ಯಾಯವಂತ ನೋಡಿ. ಖೋಖೋದಲ್ಲಿ ಓಡುವವಳು ಎಷ್ಟು ನಿಮಿಷ, ಎಷ್ಟು ಸೆಕೆಂಡು ಔಟಾಗದೆ ಉಳಿದಳು ಎಂದು ಹಾಳೆಯಲ್ಲಿ ಬರೆಯುತ್ತಾರೆ. ಏನೂ ಆಗದಂತೆ ನೋಡಿಕೊಂಡ ಕಾಲಕ್ಕೇ ಅಲ್ಲಿ ಬೆಲೆ! 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತದ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಯಾರು? ಬಿ. ಚೈತ್ರಾ. ನಮ್ಮ ಕೊಳ್ಳೇಗಾಲದಿಂದ ಹೊಳೆ ದಾಟಿದರೆ ಸಿಗುವ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನವಳು. ಕೊನೆಯ ಸರದಿಯಲ್ಲಿ ಆಕೆ ಇದ್ದ ಗುಂಪು ಐದು ನಿಮಿಷಕ್ಕೂ ಮೀರಿ ಔಟಾಗದೆ ಓಡಿತು. ಅದೇ ಚೈತ್ರಾ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಐದು ನಿಮಿಷ ಯಾರಿಗೂ ದಾರಿ ಬಿಡದೆ ನಿಂತಿದ್ದರೆ ಹಾಳೆಯಲ್ಲಿ ಏನಿರುತ್ತಿತ್ತು? ಸೊನ್ನೆ. ಆಟ ಬದಲಾದರೆ ಯೋಗ್ಯತೆ ಬದಲಾಗುತ್ತದೆಯೇ? ಇಲ್ಲ, ಬರೆಯುವ ಹಾಳೆ ಮಾತ್ರ ಬದಲಾಗುತ್ತದೆ.

ಈಗ ಎದುರುವಾದಿಗಳ ಮಾತು. ಅವರಲ್ಲೂ ಅರ್ಥವಿದೆ, ತಳ್ಳಿಹಾಕುವುದಿಲ್ಲ.

ಮೊದಲನೆಯದು: "ಕಾಣದ್ದನ್ನೇ ಯೋಗ್ಯತೆ ಎಂದರೆ, ಏನೂ ಮಾಡದ ಸೋಮಾರಿಯೂ ಒಳ್ಳೆಯ ಡಿಫೆಂಡರ್ ಆಗಿಬಿಡುತ್ತಾಳಲ್ಲ?" ಸರಿಯಾದ ಪ್ರಶ್ನೆ. ಹಾಲಿನವಳ ಅತ್ತೆಯನ್ನೇ ತೆಗೆದುಕೊಳ್ಳಿ. ಹಂದಿ ಬಾರದ್ದು ಆಕೆಯ ಕೆಮ್ಮಿಗೋ, ಅಥವಾ ಮೇಲಿನ ಹೊಲದವನು ತಂತಿ ಬೇಲಿ ಹಾಕಿಸಿದ್ದಕ್ಕೋ? ಒಂದು ರಾತ್ರಿ ನೋಡಿ ಹೇಳಲಾಗದು. ಬ್ಯಾಸ್ಕೆಟ್‌ಬಾಲಿನಲ್ಲೂ ಹಿಂದೆ ಗಟ್ಟಿ ಸೆಂಟರ್ ಇದ್ದರೆ ಮುಂದಿನ ಗಾರ್ಡ್ ದೊಡ್ಡವಳಾಗಿ ಕಾಣುತ್ತಾಳೆ. ನನ್ನ ಕಪ್ಪೇ ಇದಕ್ಕೆ ಸಾಕ್ಷಿ. ಅಮೆರಿಕದವರು ಈಗ ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ತಂಡ ಎಷ್ಟು ಅಂಕ ಬಿಟ್ಟಿತು, ಇಲ್ಲದಾಗ ಎಷ್ಟು ಬಿಟ್ಟಿತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಅದು ಒಳ್ಳೆಯದೇ, ಆದರೆ ಉಳಿದ ನಾಲ್ವರ ಪುಣ್ಯಪಾಪಗಳೂ ಅದರಲ್ಲಿ ಕಲೆತಿರುತ್ತವೆ. ಹಾಗಾಗಿ ಒಂದು ಅಂಕಿ ನೋಡಿ ತೀರ್ಪು ಕೊಡಬೇಡಿ. ಒಂದು ಪಂದ್ಯ ನೋಡಿಯೂ ಕೊಡಬೇಡಿ. ನಾನು ನೋಡಿದ್ದೂ ಕೆಲವೇ ಪಂದ್ಯ. ನನ್ನ ನೋಟ್‌ಬುಕ್ಕೂ ವೇದವಲ್ಲ. ಆದರೆ ಆಯ್ಕೆಗಾರರ ಬಳಿ ನೋಟ್‌ಬುಕ್ಕೇ ಇರಲಿಲ್ಲವಲ್ಲ!

ಎರಡನೆಯದು: "ಗಿಡ್ಡ ಗಾರ್ಡಿನ ಕಾವಲಿನಿಂದ ಪಂದ್ಯ ಗೆಲ್ಲುವುದಿಲ್ಲ, ಬಳೆಯ ಕೆಳಗಿನ ಎತ್ತರದವಳೇ ಮುಖ್ಯ." ಇದು ಅರ್ಧ ನಿಜ. ಎನ್‌ಬಿಎಯಲ್ಲಿ ಗ್ಯಾರಿ ಪೇಟನ್ ನಂತರ ಇನ್ನೊಬ್ಬ ಗಾರ್ಡಿಗೆ ಶ್ರೇಷ್ಠ ರಕ್ಷಕನ ಪ್ರಶಸ್ತಿ ಬಂದದ್ದು 2022ರಲ್ಲಿ, ಮಾರ್ಕಸ್ ಸ್ಮಾರ್ಟ್‌ಗೆ. ಇಪ್ಪತ್ತಾರು ವರ್ಷದ ಅಂತರ! ಬಳೆ ಮೇಲಿದೆ, ಎತ್ತರದವರಿಗೆ ಅದನ್ನು ಕಾಯುವುದು ಸುಲಭ, ಒಪ್ಪಿದೆ. ಆದರೆ ಬಾಗಿಲ ಅಗುಳಿ ಗಟ್ಟಿಯಾಗಿದೆಯೆಂದು ಹಿತ್ತಲ ಬೇಲಿ ಕಿತ್ತುಹಾಕುತ್ತೀರಾ? 2019ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಹೆಣ್ಣುಮಕ್ಕಳ ಏಷ್ಯಾ ಕಪ್ ನಡೆದಾಗ ಜಪಾನಿನವರು ತಮಗಿಂತ ಬಹಳ ಎತ್ತರದ ಚೀನಾದವರನ್ನು ಫೈನಲ್‌ನಲ್ಲಿ 71-68ರಿಂದ ಸೋಲಿಸಿದರು. ಎತ್ತರ ಒಂದೇ ಸಾಕಾಗಿದ್ದರೆ ಆ ಕಪ್ಪು ಬೀಜಿಂಗಿಗೆ ಹೋಗಬೇಕಿತ್ತು. ಎತ್ತರವಿಲ್ಲದವರಿಗೆ ಇರುವ ಉಪಾಯ ಒಂದೇ: ಚೆಂಡು ಬಳೆಯ ಹತ್ತಿರ ನೆಮ್ಮದಿಯಾಗಿ ತಲುಪದಂತೆ ದೂರದಲ್ಲೇ ಕಾಡುವುದು. ಅದು ಗಾರ್ಡಿನ ಕೆಲಸ.

ಮೂರನೆಯದು ನಮ್ಮ ಕಡೆಯವರದೇ. ಇದು ಎಲ್ಲಕ್ಕಿಂತ ಅಪಾಯಕಾರಿ: "ಪಾಪ, ಎಷ್ಟು ಕಷ್ಟಪಡ್ತಾಳೆ! ಮಂಡಿ ತರಚಿಕೊಂಡಳು, ನೆಲಕ್ಕೆ ಬಿದ್ದಳು, ಅವಳೇ ಒಳ್ಳೆಯ ಡಿಫೆಂಡರ್." ಅಲ್ಲ! ಬಿದ್ದವಳು ಕಾಯುತ್ತಿಲ್ಲ, ಬಿದ್ದಿದ್ದಾಳೆ. ಹೆಣ್ಣುಮಕ್ಕಳ ವಿಷಯದಲ್ಲಿ ನಮಗೆ ಕಷ್ಟ ಕಂಡರೆ ಅದೇ ಯೋಗ್ಯತೆ ಎನಿಸುತ್ತದೆ. ಬೆವರು, ರಕ್ತ, ಕಣ್ಣೀರು ಇದ್ದರೆ ಮೆಚ್ಚಿಗೆ. ತಣ್ಣಗೆ, ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ನಿಂತವಳಿಗೆ "ಇವಳಿಗೇನು, ಆರಾಮ!" ಇದನ್ನು ಅಡಿಗೆಮನೆಗೆ ಹೋಲಿಸಿ ನಿಮ್ಮ ಕಣ್ಣಲ್ಲಿ ನೀರು ತರಿಸಲು ನನಗೆ ಇಷ್ಟವಿಲ್ಲ. ಉಕ್ಕದೆ ಉಳಿದ ಹಾಲಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾದ ಸಂಗತಿಯೂ ಅಲ್ಲ.

ಹಾಗಾದರೆ ನೋಡುವುದು ಹೇಗೆ? ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು, ಆಕೆ ಕಾದದ್ದು ಯಾರನ್ನು? ಎದುರು ತಂಡದ ಬಲಶಾಲಿಯನ್ನೋ, ಅಥವಾ ಕೋಚ್ ಆಕೆಯನ್ನು ದುರ್ಬಲಳ ಎದುರು ಬಚ್ಚಿಟ್ಟಿದ್ದರೋ? ದೊಡ್ಡ ಹೆಸರಿನ ಗಾರ್ಡುಗಳನ್ನು ಹೀಗೆ ಬಚ್ಚಿಡುವುದು ಎಲ್ಲ ಕಡೆಯೂ ಉಂಟು. ಕಾದವಳ ಎದುರು ಆ ಬಲಶಾಲಿ ಉಳಿದ ದಿನಗಳಂತೆ ಆಡಿದಳೋ, ಕುಗ್ಗಿದಳೋ? ಎರಡು, ಎದುರು ತಂಡದ ಆಟ ಎಷ್ಟನೆಯ ಸೆಕೆಂಡಿಗೆ, ಅಂಗಳದ ಯಾವ ಜಾಗದಲ್ಲಿ ಶುರುವಾಯಿತು? ಮೂರು, ಆಕೆಯ ತಪ್ಪು ತಿದ್ದಲು ಹಿಂದಿನವರು ತಮ್ಮ ಜಾಗ ಬಿಟ್ಟು ಎಷ್ಟು ಸಲ ಓಡಿಬಂದರು? ಈ ಮೂರನೆಯ ಪ್ರಶ್ನೆಯನ್ನು 1986ರಲ್ಲಿ ಯಾರಾದರೂ ಕೇಳಿದ್ದರೆ ನನ್ನ ಷೋಕೇಸಿನಲ್ಲಿ ಗೊಂಬೆ ಇಡಲು ಇನ್ನಷ್ಟು ಜಾಗ ಇರುತ್ತಿತ್ತು. ಈ ಮೂರಕ್ಕೂ ಯಂತ್ರ ಬೇಡ, ಕಂಪ್ಯೂಟರ್ ಬೇಡ. ಒಂದು ಪೆನ್ಸಿಲು, ಒಂದು ಗಡಿಯಾರ, ಚೆಂಡನ್ನು ಬಿಟ್ಟು ನೋಡಬಲ್ಲ ಒಂದು ಜೊತೆ ಕಣ್ಣು.

ಒಂದು ಆಟಕ್ಕೆ ಇಷ್ಟು ದೊಡ್ಡ ರಾಮಾಯಣವೇಕೆ ಎಂದು ನೀವು ಕೇಳಬಹುದು. ನಗರದ ಮಗುವಿಗೆ ಒಂದು ಪಟ್ಟಿಯಲ್ಲಿ ಹೆಸರು ತಪ್ಪಿದರೆ ಇನ್ನೊಂದು ಪಟ್ಟಿ ಇರುತ್ತದೆ, ಕ್ಲಬ್ಬಿರುತ್ತದೆ, ಬೇಸಿಗೆ ಶಿಬಿರವಿರುತ್ತದೆ. ನಮ್ಮ ಹುಡುಗಿಗೆ ಇದ್ದದ್ದು ಆ ಒಂದೇ ಸಂಜೆ. ಹೆಸರು ಬಂದಿದ್ದರೆ ಒಂದು ಸರ್ಟಿಫಿಕೇಟು, ಅದರಿಂದ ಕ್ರೀಡಾ ವಸತಿ ನಿಲಯದ ಆಸೆ, ಅದರಿಂದ ಅಪ್ಪನ ಎದುರು ಒಂದು ಮಾತು ಹೇಳುವ ಧೈರ್ಯ. ಬಾರದೆ ಹೋದದ್ದರಿಂದ ಅಪ್ಪ ಹೇಳಿದ್ದು ಒಂದೇ: "ಆಡಿದ್ದು ಸಾಕು, ಏನ್ ಕಡಿದ್ಲು?" ಆಯ್ಕೆಗಾರರ ಪ್ರಶ್ನೆಯೇ ಮನೆಯವರೆಗೂ ಬಂತು ನೋಡಿ! ಆಕೆ ಈಗ ಹನೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಆಟ ಬಿಟ್ಟಿದ್ದಾಳೆ. ಎದುರು ಸಿಕ್ಕಾಗ ನಗುತ್ತಾಳೆ. ನಾನು "ಮತ್ತೆ ಆಡು" ಎನ್ನುತ್ತೇನೆ. ಆಕೆ "ಆಯ್ತು ಮೇಡಂ" ಎನ್ನುತ್ತಾಳೆ. ಇಬ್ಬರಿಗೂ ಗೊತ್ತು.

ರಾಮಾಪುರ ಎಂದರೆ ಹೊರಗಿನವರಿಗೆ ಇವತ್ತಿಗೂ ನೆನಪಾಗುವುದು ವೀರಪ್ಪನ್. 1992ರಲ್ಲಿ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ದಾಳಿಯಾಗಿ ಐವರು ಪೊಲೀಸರು ಸತ್ತರು. ಅದು ಪತ್ರಿಕೆಯಲ್ಲಿ ಬಂತು, ಬರಬೇಕಾದದ್ದೇ. ಆಮೇಲಿನ ವರ್ಷಗಳಲ್ಲಿ, 2004ರಲ್ಲಿ ಅವನು ಸಾಯುವವರೆಗೂ, ಏನೂ ಆಗದೆ ಕಳೆದ ಸಾವಿರಾರು ರಾತ್ರಿಗಳಿದ್ದವು. ಆ ರಾತ್ರಿಗಳಲ್ಲಿ ಎಚ್ಚರವಿದ್ದ ಪೇದೆಗಳಿದ್ದರು, ಬಾಗಿಲ ಹಿಂದೆ ಮಕ್ಕಳನ್ನು ತಟ್ಟಿ ಮಲಗಿಸಿದ ತಾಯಂದಿರಿದ್ದರು. ಆ ರಾತ್ರಿಗಳ ಸುದ್ದಿ ಯಾವ ಪತ್ರಿಕೆಯಲ್ಲೂ ಇಲ್ಲ. ಈ ಊರಿಗೆ ಬಂದ ಮೇಲೆ ನನಗೆ ತಿಳಿಯಬೇಕಾಗಿತ್ತು. ತಿಳಿಯಲಿಲ್ಲ. ನಾನು ಆಗಲೂ ಮಕ್ಕಳಿಗೆ ಚೆಂಡಿಗೆ ಹಾರುವುದನ್ನೇ ಕಲಿಸುತ್ತಿದ್ದೆ.

ಕಳೆದ ವರ್ಷ ಹೇಗೋ ನಂಬರು ಹುಡುಕಿ ಆ ದಾವಣಗೆರೆಯ ಗೆಳತಿಗೆ ಫೋನು ಮಾಡಿದೆ. ಈಗ ಆಕೆ ಅಜ್ಜಿ. ಆ ಮಾತು ಈ ಮಾತು ಆದ ಮೇಲೆ ಎಂಜಲು ನುಂಗಿಕೊಂಡು ಹೇಳಿದೆ: "ನೋಡೇ, ಆ ಫೈನಲ್‌ನಲ್ಲಿ ನಿನ್ನ ಫೌಲೆಲ್ಲ ನನ್ನಿಂದ ಆದದ್ದು. ಆ ಕಪ್ಪು ನಿನ್ನದು." ಆಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಆಕೆ ಸಿಟ್ಟಿಲ್ಲದೆ, ನಗೆಯೂ ಇಲ್ಲದೆ ಕೇಳಿದಳು: "ನನಗೆ ಆವತ್ತೇ ಗೊತ್ತಿತ್ತು. ನಿನಗೆ ಯಾವಾಗ ಗೊತ್ತಾಯ್ತು?"

ನಾನು ಉತ್ತರ ಹೇಳಲಿಲ್ಲ. ಕಪ್ಪನ್ನು ಕಳಿಸಲೇ ಎಂದೆ. "ಬೇಡ ಬಿಡು, ತಿಕ್ಕೋರು ಯಾರು?" ಎಂದಳು.

ಆಯ್ಕೆಯ ಮೇಜಿನಲ್ಲಿ ಕೂರುವವರಿಗೆ ನನ್ನ ಬೇಡಿಕೆ ಒಂದೇ. ಮಗ್ಗುಲಲ್ಲಿ ಇನ್ನೊಂದು ಹಾಳೆ ಇಟ್ಟುಕೊಳ್ಳಿ. ಖಾಲಿ ಸಾಲು ಕಂಡರೆ ಹೆಸರು ಹೊಡೆಯುವ ಮುಂಚೆ, ಆ ಹುಡುಗಿಯ ಎದುರು ಆಡಿದವಳ ಸಾಲನ್ನೊಮ್ಮೆ ಓದಿ. ಕಾವಲುಗಾರ್ತಿಯ ಅಂಕ ಬರೆದಿರುವುದು ಅಲ್ಲಿ.

ಅಮ್ಮಂದಿರೇ, ನಿಮಗೂ ಒಂದು ಮಾತು. ಮುಂದಿನ ಸಲ ಮಗಳ ಪಂದ್ಯಕ್ಕೆ ಹೋದಾಗ ಐದೇ ಐದು ನಿಮಿಷ ಚೆಂಡನ್ನು ನೋಡಬೇಡಿ. ಚೆಂಡಿಲ್ಲದವಳ ಕಾಲು ನೋಡಿ. ಆಟ ಮುಗಿದು ಆಕೆ ಬೆವರೊರೆಸಿಕೊಂಡು ಬಂದಾಗ "ಎಷ್ಟು ಪಾಯಿಂಟು ಹೊಡೆದೆ?" ಎಂದು ಕೇಳುವ ಬದಲು "ಯಾರನ್ನು ಕಾದೆ?" ಎಂದು ಕೇಳಿ. ಹುಡುಗಿ ಮೊದಲು ತಬ್ಬಿಬ್ಬಾಗುತ್ತಾಳೆ. ಆಮೇಲೆ ನಿಲ್ಲಿಸದೆ ಹೇಳಲು ಶುರುಮಾಡುತ್ತಾಳೆ.